ಹೂ ಬಾಡುವ ತನಕ

“ಏ ರಂಡಿ, ಈ ಹುಡುಗರ ಕೈ ಬೂದಿ ಹಚ್ಚಿ ತಿಕ್ಕು. ಸಾಹೇಬಗ ಹಳದಿ ಬಟ್ಟು ಕಂಡ್ವು ಅಂದ್ರ ನಿನ್ನ ಚರ್ಮ ಸುಲೀತೀನಿ.”

ಶಾಲೆ ಕಮಿಟಿಯ ಚೇರ್ಮನ್ ಬಸವಪ್ರಸಾದ ಬೈದದ್ದು ಕಸ ಹೊಡೆಯುವ ಪೆಂಟಮ್ಮನಿಗೆ. ಅವತ್ತು ಶಾಲೆ ತಪಾಸಣೆಗೆ ಸಾಹೇಬ ಬರುವವನಿದ್ದ. ಅವಳೇನು ಮಾಡಿಯಾಳು, ಬೋರಿಂಗಿನ ಬುಡದಲ್ಲಿ ಕುಂತು ತಿಕ್ಕಿದಳು. ಗದ್ವಾಲ ರೋಡಿಗಿರುವ ಅವನ ಬೀಜದ ಹತ್ತಿ ಹೊಲದಿಂದ ಆಗಷ್ಟೇ ಆಟೋದಲ್ಲಿ ತುಂಬಿ ತಂದ ಹುಡುಗರು ಅವು. ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಉಜ್ಜುವ ಕೆಲಸಕ್ಕೆ ಸಣ್ಣ ಬೆರಳೇ ಬೇಕಂತೆ. ಹೊತ್ತು ನೆತ್ತಿಗೆ ಬರುವುದರೊಳಗೆ ಉಜ್ಜದಿದ್ದರೆ ಹೂ ಬಾಡಿ, ಆ ದಿನದ್ದೆಲ್ಲ ಹಾಳು. ಹಾಗಾಗಿ ಮಳೆಗಾಲ ಪೂರ್ತಿ ಹೆಸರು ಶಾಲೆಯಲ್ಲಿ, ಹುಡುಗರು ಹೊಲದಲ್ಲಿ.

ಸಾಲಿನ ಕೊನೆಗೆ ಅವಳ ಮಗಳು ಮೌನಿಕಾ ಕೈ ಚಾಚಿ ನಿಂತಿದ್ದಳು. ಹೂವಿನ ಹಳದಿ ಪುಡಿ ಉಗುರ ಸಂದಿಗೆ ಇಳಿದಿತ್ತು, ಎಷ್ಟು ತಿಕ್ಕಿದರೂ ಹೋಗಲೊಲ್ಲದು. ಮಗಳು ಹೊಲಕ್ಕೆ ಬಂದರಷ್ಟೇ ತಾಯಿಗೆ ಕಸಬರಿಗೆ, ಇದು ಚೇರ್ಮನ್ನನ ಕರಾರು.

ಹೆಡ್‌ಮಾಸ್ತರ ಜಂಬಪ್ಪನ ಕಾಲು ಹಿಡಿದು ನೋಡಿದ್ದಳು, ಹುಡುಗಿಯನ್ನು ಹೊಲ ಬಿಡಿಸಿ ಓದಿಸಿರಿ ಅಂತ. ಅವನದು ಬೇರೆಯೇ ಗೋಳು. ತೆಲಂಗಾಣ ಬಂದ ಮೇಲೆ ಬೋರ್ಡಿಗೆ ಹೊಸ ಬಣ್ಣ ಬಂತು, ಹುಡುಗರು ಬರಲಿಲ್ಲ. ಇದ್ದವರೂ ಮಕ್ತಲದ ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿದರು. ಚೇರ್ಮನ್ ತುಂಬಿಸಿದ ತಲೆಗಳಿಂದಲೇ ಈ ಕನ್ನಡ ಶಾಲೆ ಉಳಿದಿದೆ, ಅವನು ಮುನಿದರೆ ನಾಳೆಯೇ ಬಾಗಿಲು ಮುಚ್ಚುತ್ತದೆ ಅಂದುಬಿಟ್ಟ. ಇನ್ನೆಲ್ಲಿಗೆ ಹೋಗಬೇಕು ಆ ಹೆಂಗಸು?

ಸಾಹೇಬ ಬಂದ, ತಲೆ ಎಣಿಸಿದ. ಮೌನಿಕಾಳನ್ನೇ ಎಬ್ಬಿಸಿ ಪಾಠ ಓದು ಅಂದ. ಹುಡುಗಿ ಮೊದಲ ಸಾಲಿಗೇ ತಡವರಿಸಿ ನಿಂತಳು.

“ಕೂಲಿ ಮಂದಿ ತಲಿಗೆ ಇಷ್ಟೇ ಹತ್ತೂದು ಬಿಡ್ರಿ,” ಅಂದ ಸಾಹೇಬ.

ಎಲ್ಲರಿಗಿಂತ ಜೋರಾಗಿ ನಕ್ಕವನು ಬಸವಪ್ರಸಾದ. ಬಾಗಿಲ ಮರೆಗೆ ನಿಂತಿದ್ದ ಪೆಂಟಮ್ಮನ ಮೈಗೆ ಬೆಂಕಿ ಬಿತ್ತು. ಓದಾಕ ಬಿಡದವರ್ಯಾರು, ಈಗ ನಗೋರ್ಯಾರು!

ಸಾಹೇಬನನ್ನು ಕಳಿಸಲು ಚೇರ್ಮನ್ ಹೊರಗೆ ಹೋದ. ಜೀಪು ಹೊರಟಿತು, ಹುಡುಗರನ್ನು ವಾಪಸ್ ಒಯ್ಯಲು ಆಟೋ ಹಾರ್ನ್ ಹೊಡೆಯಿತು. ಪೆಂಟಮ್ಮ ಕಸಬರಿಗೆ ಒಗೆದು ಹೋಗಿ ಗೇಟಿಗೆ ಒಳಗಿನಿಂದ ಬೀಗ ಜಡಿದಳು. ಕೀಲಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.

“ಕೀಲಿ ತಗಿಯಲೇ ಬೋಸುಡಿ! ಹೂ ಬಾಡ್ತಾವ,” ಹೊರಗಿನಿಂದ ಒದರಿದ ಚೇರ್ಮನ್.

“ಬಾಡ್ಲಿ.”

ಒಳಗಿದ್ದ ಜಂಬಪ್ಪ ಬಂದು ಗೋಗರೆದ, ನನ್ನ ಹೊಟ್ಟೆಮೇಲೆ ಹೊಡೀಬೇಡವ್ವಾ ಅಂದ. ಅವಳು ಗೇಟು ಬಿಟ್ಟು ಕದಲಲಿಲ್ಲ. ಹೊರಗಿನವರು ಗೋಡೆ ಹಾರೋಣವೆಂದರೆ ಮೇಲೆಲ್ಲ ಗಾಜಿನ ಚೂರು. ಹುಡುಗರು ತಪ್ಪಿಸಿಕೊಳ್ಳಬಾರದೆಂದು ಹುಗಿಸಿದವನು ಬಸವಪ್ರಸಾದನೇ. ಅವನು ಹಾರೆ ತರಲು ಆಳನ್ನು ಓಡಿಸಿದ.

“ಮೌನಿ, ಒಳಗ ಹೋಗಿ ಓದು,” ಅಂದಳು ಪೆಂಟಮ್ಮ. “ನಿಂತಲ್ಲಿಂದ ಓದು.”

ಗೇಟಿಗೆ ಬೆನ್ನು ಕೊಟ್ಟು ಕುಂತಳು. ಹಾರೆಯ ಏಟು ಶುರುವಾದವು. ಒಂದೊಂದು ಏಟೂ ತಗಡಿನಿಂದ ಅವಳ ಬೆನ್ನಿಗೆ ಇಳಿಯುತ್ತಿತ್ತು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ.