ಮೇರಿ ಮಾತೆಯ ಪಾದಕ್ಕೆ ಕುಂಕುಮ

ಪಾಂಡವಪುರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ಪ್ರಮೀಳಾ, ಮಕ್ಕಳಿಗೆ ತೋರಿಸಲೆಂದು ಒಂದು ಚಿತ್ರವನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದಳು. ಐನೂರು ವರ್ಷಗಳ ಹಿಂದೆ ಯುರೋಪಿನ ಯಾರೋ ಹೆಂಗಸು ತನ್ನ ಕೋಣೆಯಲ್ಲಿ ಒಬ್ಬಳೇ ಕೂತು ಓದುತ್ತಿದ್ದ ಪ್ರಾರ್ಥನೆ ಪುಸ್ತಕದ ಪುಟ ಅದು. ನಡುವೆ ಕಂದನನ್ನೆತ್ತಿಕೊಂಡ ಮೇರಿ ಮಾತೆ, ಸುತ್ತ ಚಿನ್ನದ ರೇಕಿನ ಮೇಲೆ ಹೂಬಳ್ಳಿ, ಬಳ್ಳಿಯ ತುದಿಗೆ ಗುಲಗಂಜಿಯಷ್ಟು ಬಸವನಹುಳು. ಅಷ್ಟು ನಾಜೂಕಾಗಿ ಬರೆದ ಆ ಕೈಯನ್ನು ನೆನೆದರೇ ಪ್ರಮೀಳಾಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಮೇಜಿನ ಮೇಲಿಟ್ಟಿದ್ದ ಪುಟ ದೇವರ ಗೂಡಿನಲ್ಲಿತ್ತು. ಮಾತೆಯ ಪಾದಕ್ಕೆ ಅರಿಸಿನ ಕುಂಕುಮ ಮೆತ್ತಿತ್ತು.

“ಏನತ್ತೆ ಇದು? ಮಕ್ಕಳಿಗೆ ತೋರ್ಸೋಕೆ ತಂದಿದ್ದೆ.”

“ಕೂಸ್ನ ಎತ್ಕೊಂಡಿರೋ ತಾಯಿ ಕಣವ್ವ. ಮೇಜಿನ ಮ್ಯಾಲೆ ಅಂಗೇ ಬುಡಕ್ಕಾದದಾ?” ಎಂದಳು ಅತ್ತೆ ಚಿಕ್ಕಬೋರಮ್ಮ.

ಇನ್ನೊಂದು ಪ್ರಿಂಟ್ ತೆಗೆಸಬೇಕಲ್ಲ ಎಂದು ಸಿಡುಕುತ್ತಲೇ ಪ್ರಮೀಳಾ ಮೊಬೈಲಿನಲ್ಲಿ ಚಿತ್ರವನ್ನು ಹಿಗ್ಗಿಸಿದಳು. ಮೂಲ ಪುಟದಲ್ಲೇ ಮಾತೆಯ ಪಾದದ ಬಳಿ ಬಣ್ಣ ಅಳಿಸಿಹೋಗಿತ್ತು. ಪುಸ್ತಕ ಓದುತ್ತಿದ್ದವಳು ದಿನವೂ ಮುತ್ತಿಟ್ಟು ಸವೆದ ಜಾಗ ಎಂದು ಚಿತ್ರದ ಕೆಳಗಿನ ವಿವರಣೆಯಲ್ಲಿತ್ತು.

ಅವಳು ಮೊಬೈಲನ್ನು ಕೆಳಗಿಟ್ಟಳು. ಕೈ ತೊಳೆದು ಬಂದು, ಆ ಕುಂಕುಮದ ಪುಟವನ್ನೇ ಗೂಡಿನಿಂದ ತೆಗೆದು ಶಾಲೆಯ ಚೀಲದಲ್ಲಿ ಇಟ್ಟುಕೊಂಡಳು.