ದಾನೇಶ್ವರಿಯ ಕಿವಿಯ ಹಿಂದೆ

ನಾನು ಒಂದು ಶ್ರವಣಯಂತ್ರ. ಜನರ ಬಾಯಲ್ಲಿ ಕಿವಿ ಮಿಷನ್. ದೂರದ ಕಾರ್ಖಾನೆಯೊಂದರಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಗಳೊಬ್ಬಳು ಗೋಡಂಬಿಯಂತೆ ಬಾಗಿದ ನನ್ನ ಮೈಯೊಳಗೆ ಕೂದಲಿನಷ್ಟು ತೆಳುವಾದ ತಂತಿಗಳನ್ನು ಕೂಡಿಸಿದಳು. ಸದ್ದನ್ನು ಹಿಡಿದು, ದೊಡ್ಡದು ಮಾಡಿ, ಕಿವಿಗೆ ಒಪ್ಪಿಸುವುದು ನನ್ನ ಕೆಲಸ.

ಗದಗಿನ ಬೆಟಗೇರಿಯಲ್ಲಿ ದಾನೇಶ್ವರಿಯ ಎಡಗಿವಿಯ ಹಿಂದೆ ನನ್ನನ್ನು ಕೂರಿಸಿದಾಗ ಅವಳು ಐದನೆಯ ತರಗತಿ. ತಾಯಿ ಕಸ್ತೂರವ್ವ ಮನೆಯಲ್ಲೇ ಜಂಪರು ಹೊಲಿಯುತ್ತಿದ್ದಳು. ಮೊದಲ ದಿನ ಹುಡುಗಿ ಮನೆಯೆಲ್ಲ ಸುತ್ತಿ ಬಂದು, "ಅವ್ವಾ, ಬಾಗಲಾ ಅಳತೈತಿ" ಅಂದಳು. ಕಸ್ತೂರವ್ವ ನಕ್ಕು, ಬಾಗಿಲನ್ನು ಮತ್ತೆ ಮತ್ತೆ ತೆಗೆದು ಮುಚ್ಚಿ ಕೇಳಿಸಿದಳು. ಆ ವರ್ಷ ನಾನು ಸುಖಿ.

ಆರನೆಯ ತರಗತಿಗೆ ಹೊಸ ಶಾಲೆ. ಅಲ್ಲಿ ಪಲ್ಲವಿ ಎಂಬ ಚುರುಕು ಹುಡುಗಿಯಿದ್ದಳು, ಟೀಚರಿಗೆ ಅಚ್ಚುಮೆಚ್ಚು. ಒಂದು ದಿನ ಊಟದ ಬಿಡುವಿನಲ್ಲಿ ಅವಳು ದಾನೇಶ್ವರಿಯ ಎದುರು ನಿಂತು ಏನೋ ಕೇಳಿದಳು. ಕೇಳಿದಳು ಎಂದರೆ, ತುಟಿ ಅಲ್ಲಾಡಿಸಿದಳು ಅಷ್ಟೆ, ದನಿ ಹೊರಡಿಸಲಿಲ್ಲ. ದಾನೇಶ್ವರಿ ನನ್ನನ್ನು ಮುಟ್ಟಿ ನೋಡಿಕೊಂಡಳು. ಗುಂಡಿ ಒತ್ತಿದಳು. ಬ್ಯಾಟರಿ ತೆಗೆದು, ಲಂಗಕ್ಕೆ ಒರೆಸಿ, ಮತ್ತೆ ಹಾಕಿದಳು. ಸುತ್ತಲಿನವರು ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

ಮರುದಿನದಿಂದ ಅದು ಇಡೀ ತರಗತಿಯ ಆಟವಾಯಿತು. ಪಕ್ಕದಲ್ಲಿ ಕೂರುವ ಗೆಳತಿ ರೇಣುಕಾ ಮಾತ್ರ ಆಡುತ್ತಿರಲಿಲ್ಲ. ಆದರೆ ನಿಜವೇನೆಂದು ಹೇಳುತ್ತಲೂ ಇರಲಿಲ್ಲ.

ನಾನು ಕೆಟ್ಟಿದ್ದೇನೆ ಎಂದುಕೊಂಡು ಕಸ್ತೂರವ್ವ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು.

"ಫ್ಯಾನಿನ ಸಪ್ಪಳ ಕೇಳಸ್ತೈತ್ರಿ. ಗೆಳತ್ಯಾರ ಮಾತಷ್ಟ ಕೇಳಸಂಗಿಲ್ಲ" ಎಂದಳು ದಾನೇಶ್ವರಿ.

ಪರೀಕ್ಷೆ ಮಾಡುವಾತ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಮಿಷನ್ ಬರೋಬ್ಬರಿ ಐತಿ. ಸೌಂಡ್ ಸ್ವಲ್ಪ ಏರಿಸಿ ಕೊಡ್ತೀನಿ" ಎಂದ. ಅಂದಿನಿಂದ ಯಾರಾದರೂ ಬೆಂಚು ಎಳೆದರೆ ಸಾಕು, ಅವಳ ತಲೆ ಸಿಡಿಯುತ್ತಿತ್ತು. ನಾನೇ ಅವಳನ್ನು ನೋಯಿಸುವಂತಾಯಿತು.

ಒಂದು ಸಂಜೆ ಕಸ್ತೂರವ್ವ ಹೊಲಿಗೆ ಮಿಷನ್ ತುಳಿಯುತ್ತಲೇ ಏನೋ ಹೇಳಿದಳು. ಹುಡುಗಿ ತಾಯಿಯ ತುಟಿಯನ್ನೇ ನೋಡುತ್ತಿದ್ದು, ಮೆಲ್ಲಗೆ ಕೇಳಿದಳು: "ಅವ್ವಾ, ನೀ ಖರೇನ ಮಾತಾಡಾಕತ್ತೀ ಏನು?"

ಹೊಲಿಗೆ ಮಿಷನ್ ನಿಂತಿತು. "ಹಂಗ್ಯಾಕ ಕೇಳ್ತಿ ನನ್ನವ್ವಾ?"

"ಸಾಲ್ಯಾಗ ಎಲ್ಲಾರೂ ನನ್ನ ಮುಂದ ಬರೇ ಬಾಯಿ ಆಡಸ್ತಾರೇನೋ ಅನಸ್ತೈತಿ. ಗೊತ್ತಾಗವಲ್ದು."

ಮರುದಿನ ಕಸ್ತೂರವ್ವ ಶಾಲೆಗೆ ಹೋದಳು. "ಹುಡುಗೂರ ಆಟರೀ ಅದು, ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು ಟೀಚರು. ಅವಳು ಬಾಗಿಲು ಬಿಟ್ಟು ಕದಲದಿದ್ದಾಗ ಪಲ್ಲವಿಯನ್ನು ಎಬ್ಬಿಸಿ, "ತಪ್ಪಾತು ಅನ್ನು" ಎಂದು ಹೇಳಿ, ಕಸ್ತೂರವ್ವನನ್ನು ಸಮಾಧಾನಪಡಿಸಲು ಬಾಗಿಲ ಕಡೆ ತಿರುಗಿದರು.

ಪಲ್ಲವಿ ದಾನೇಶ್ವರಿಯ ಮುಂದೆ ಬಂದು ನಿಂತಳು. ತಾಯಿಗೆ ಆ ಹುಡುಗಿಯ ಬೆನ್ನಷ್ಟೇ ಕಾಣುತ್ತಿತ್ತು. ಪಲ್ಲವಿ ಕಣ್ಣಲ್ಲಿ ಕಣ್ಣಿಟ್ಟು ನಿಧಾನವಾಗಿ ತುಟಿ ಆಡಿಸಿದಳು. ನನಗೆ ಒಂದು ಉಸಿರೂ ತಲುಪಲಿಲ್ಲ. ಇಡೀ ತರಗತಿ ನಗು ತಡೆದುಕೊಂಡಿತು. ರೇಣುಕಾ ಕೂಡ ತಲೆ ತಗ್ಗಿಸಿ ಕಿಸಕ್ಕೆಂದಳು. ಆ ಸಣ್ಣ ನಗುವನ್ನು ನಾನು ದೊಡ್ಡದು ಮಾಡಿ ದಾನೇಶ್ವರಿಯ ಕಿವಿಗೆ ಒಪ್ಪಿಸಿದೆ. ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ.

"ಆತಲ್ಲ, ಇನ್ನ ಕೂಡ್ರಿ" ಎಂದರು ಟೀಚರು.

ದಾನೇಶ್ವರಿ ನನ್ನನ್ನು ಕಳಚಿ ಕಂಪಾಸು ಪೆಟ್ಟಿಗೆಯೊಳಗೆ ಹಾಕಿದಳು. ಮತ್ತೆ ತೊಡಲಿಲ್ಲ. ಕಸ್ತೂರವ್ವ ರಮಿಸಿದಳು, ಬೈದಳು, ಒಂದು ಏಟೂ ಹಾಕಿದಳು, ಆಮೇಲೆ ತಾನೇ ಅತ್ತಳು. ದೀಪಾವಳಿ ರಜೆ ಮುಗಿದ ಮೇಲೆ ಹುಡುಗಿ ಶಾಲೆಗೆ ಹೋಗಲೇ ಇಲ್ಲ.

ಕೊನೆಗೆ ನನ್ನನ್ನು ಪಕ್ಕದ ಮನೆಯ ಬಸಪ್ಪಜ್ಜನಿಗೆ ಕೊಟ್ಟರು. ಅಜ್ಜನ ಕಿವಿಯ ಹಿಂದಿನಿಂದ ನಾನು ದಿನವೂ ಕೇಳುತ್ತಿದ್ದೆ, ನೋಡುತ್ತಿದ್ದೆ: ಕಸ್ತೂರವ್ವ ಕಟ್ಟೆಯ ಮೇಲೆ ಕೂತ ಮಗಳನ್ನು ಕೂಗುತ್ತಿದ್ದಳು, ಕಡೆಗೆ ಎದ್ದು ಬಂದು ಭುಜ ಮುಟ್ಟುತ್ತಿದ್ದಳು. ಹುಡುಗಿ ಏಳುತ್ತಿದ್ದಳು, ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಈಗ ಅಜ್ಜ ಇಲ್ಲ. ಅವನ ಕನ್ನಡಕದ ಜೊತೆ ನಾನು ಒಂದು ತಗಡಿನ ಡಬ್ಬಿಯಲ್ಲಿದ್ದೇನೆ. ಹೊರಗಿನ ಸದ್ದು ಬರುವುದಿಲ್ಲ, ಯೋಚಿಸಲು ಬಿಡುವಿದೆ. ಪಲ್ಲವಿಗಿಂತ ಹೆಚ್ಚಾಗಿ ನನಗೆ ನೆನಪಾಗುವವಳು ರೇಣುಕಾ. ಒಂದೇ ಒಂದು ದಿನ ಅವಳು ಬಗ್ಗಿ, "ಮಿಷನ್ ಚೊಲೋ ಐತಿ ದಾನೂ, ಇವ್ರು ಬರೇ ಬಾಯಿ ಆಡಸಾಕತ್ತಾರ" ಅಂದಿದ್ದರೆ ಸಾಕಿತ್ತು. ಎಷ್ಟು ಮೆಲ್ಲಗೆ ಅಂದಿದ್ದರೂ ಅದನ್ನು ನಾನು ಮುಟ್ಟಿಸುತ್ತಿದ್ದೆ.