ಹೆದರಿಸಲೆಂದೇ ಹುಟ್ಟಿದ ನಾಯಿ

ನಾನು ಒಂದು ಬಟ್ಟೆಯ ನಾಯಿ. ಹಾಗೆಂದ ಕೂಡಲೇ ಮುದ್ದು ಬೊಂಬೆ ಎಂದುಕೊಂಡು ಕೆನ್ನೆ ಸವರಲು ಬರಬೇಡಿ. ಅಂಗಡಿಯ ಗಾಜಿನೊಳಗೆ ಕೂತು ಕಂಡವರಿಗೆಲ್ಲ ನಗು ಬೀರುವ ಜಾತಿ ನನ್ನದಲ್ಲ. ನಾನು ಮಕ್ಕಳನ್ನು ಹೆದರಿಸಲೆಂದೇ ಹುಟ್ಟಿದವನು, ಅದೂ ಹೇಳಿ ಮಾಡಿಸಿದ್ದು!

ಗದಗಿನಲ್ಲಿ ಸೋಫಾದ ಗವಸು ಹೊಲಿಯುವ ಮೆಹಬೂಬಸಾಬರ ಅಂಗಡಿ ನನ್ನ ತವರು. ಮಕ್ಕಳ ಮನಸ್ಸಿನ ತೊಂದರೆಗಳಿಗೆ ಚಿಕಿತ್ಸೆ ಕೊಡುವ ಹೂಗಾರ ಮೇಡಂ ಅಲ್ಲಿಗೆ ಬಂದು, ನೋಡಿದರೆ ಸ್ವಲ್ಪ ಎದೆ ಝಲ್ಲೆನ್ನುವಂಥ ನಾಯಿ ಬೇಕೆಂದರು. ಸಾಬರು ಉಳಿದಿದ್ದ ಕಂದು ಮಖಮಲ್ಲು ಕತ್ತರಿಸಿ, ಗಾದಿಯ ಹತ್ತಿ ತುಂಬಿ, ಶೇರವಾನಿಯ ಕಪ್ಪು ಗುಂಡಿಗಳನ್ನು ಕಣ್ಣಿಗಿಟ್ಟು, ಬಿಳಿ ರೆಕ್ಸಿನ್ನಿನ ಹಲ್ಲು ಕೂರಿಸಿದರು. ನನ್ನನ್ನು ಮೂಲೆಯಲ್ಲಿ ನಿಲ್ಲಿಸಿ ಚಹಾ ಕುಡಿಯಲು ಹೋದವರು ತಿರುಗಿ ಬಂದಾಗ ತಾವೇ ಬೆಚ್ಚಿಬಿದ್ದರು. ಅದು ನನ್ನ ಮೊದಲ ಗೆಲುವು.

ಮೇಡಂ ಕೋಣೆಯಲ್ಲಿ ನನಗೆ ಸಿಕ್ಕ ಮೊದಲ ಮಗು ಭೂಮಿಕಾ, ಐದನೆಯ ತರಗತಿಯ ಹುಡುಗಿ. ಶಾಲೆಗೆ ಹೋಗುವಾಗ ಓಣಿಯ ನಾಯಿಯೊಂದು ಅವಳನ್ನು ಅಟ್ಟಿಸಿಕೊಂಡು ಬಂದಿತ್ತು. ಕಚ್ಚಿರಲಿಲ್ಲ. ಆದರೂ ಅಂದಿನಿಂದ ಅವಳು ಓಣಿಗೆ ಕಾಲಿಟ್ಟಿರಲಿಲ್ಲ. ಚಿಕಿತ್ಸೆಗೂ ಆಟೋ ಬಾಗಿಲಿಗೇ ಬರಬೇಕಿತ್ತು. ಶಾಲೆ ತಪ್ಪಿ ಎಷ್ಟೋ ವಾರಗಳಾಗಿದ್ದವು. ಇನ್ನೂ ಹೀಗೇ ನಡೆದರೆ ವರ್ಷವೇ ಹಾಳು, ಗೆಳತಿಯರು ಮುಂದೆ ಹೋಗಿ ಇವಳೊಬ್ಬಳೇ ಹಿಂದುಳಿಯುವುದು ಖಂಡಿತವಿತ್ತು.

ಎಲ್ಲಾ ನಾಯಿಗಳೂ ನನ್ನನ್ನು ಕಚ್ಚುತ್ತವೆ ಎಂಬ ಒಂದೇ ಮಾತು ಅವಳ ತಲೆಯಲ್ಲಿ ಓಡುತ್ತಿತ್ತು. ಮೇಡಂ ಅದನ್ನು ಸುಳ್ಳೆಂದು ಗದರಲಿಲ್ಲ. ಓಣಿಯ ನಾಯಿಗಳು ದಿನವಿಡೀ ಏನು ಮಾಡುತ್ತವೆ, ಕಿಟಕಿಯಿಂದ ನೋಡಿಕೊಂಡು ಬಾ ಎಂದರು. ನೋಡಿದರೆ, ಅವು ಮಲಗುತ್ತಿದ್ದವು, ಮೈ ತುರಿಸಿಕೊಳ್ಳುತ್ತಿದ್ದವು, ಮತ್ತೆ ಮಲಗುತ್ತಿದ್ದವು. ನನ್ನ ಕುಲದ ಮರ್ಯಾದೆ ಹೋಯಿತು, ಇರಲಿ.

ಆಮೇಲೆ ನನ್ನ ಸರದಿ. ಎದುರಿಗೆ ನನ್ನನ್ನಿಟ್ಟು, ಅಂಜಿಕೆ ಹತ್ತಕ್ಕೆ ಎಷ್ಟು ಎಂದು ಮೇಡಂ ಕೇಳಿದರು. ಹತ್ತು ಎಂದಳು ಹುಡುಗಿ. ಹತ್ತಕ್ಕೆ ಹತ್ತು! ಯಾವ ಬೊಂಬೆಗೆ ಸಿಕ್ಕೀತು ಇಂಥ ಮಾನ? ಪರೀಕ್ಷೆಯಂತಲ್ಲ, ಇಲ್ಲಿ ಅಂಕ ಇಳಿದಷ್ಟೂ ಒಳ್ಳೆಯದು ಎಂದು ನನಗೆ ತಿಳಿದದ್ದು ಆಮೇಲೆ.

ದಿನಾ ಸಂಜೆ ನನ್ನೆದುರು ಕೂರಬೇಕು, ಅಂಕ ಇಳಿಯುವವರೆಗೆ ಏಳಬಾರದು ಎಂದು ಹೇಳಿ ಮೇಡಂ ನನ್ನನ್ನು ಅವಳ ಮನೆಗೆ ಕಳಿಸಿದರು. ತಂದೆತಾಯಿ ಇಬ್ಬರೂ ದುಡಿಯಲು ಹೋಗುವವರು, ಹುಡುಗಿ ಬೆಳೆದದ್ದೆಲ್ಲ ಆಯಿ ಗುರವ್ವನ ಮಡಿಲಲ್ಲಿ. ಮೊಮ್ಮಗಳು ಬಿಕ್ಕಿದ್ದೇ ತಡ, ಗುರವ್ವ ನನ್ನ ಕಿವಿ ಹಿಡಿದೆತ್ತಿ ಜೋಳದ ಡಬ್ಬಿಗೆ ತುರುಕಿ, ಹುಡುಗಿಯ ಬಾಯಿಗೆ ಶೇಂಗಾ ಉಂಡೆ ಇಟ್ಟುಬಿಡುತ್ತಿದ್ದಳು. ಒಮ್ಮೆಯಂತೂ ಉಪ್ಪು ಮೆಣಸಿನಕಾಯಿ ತಂದು ಹುಡುಗಿಗೂ ನನಗೂ ಕೂಡಿಯೇ ನಿವಾಳಿಸಿದಳು. ಅಯ್ಯೋ, ಆ ಘಾಟು! ಪ್ರೀತಿಯಿಂದಲೇ ಮಾಡಿದ್ದು, ಆದರೆ ಕೆಲಸ ಕೆಟ್ಟಿತು. ವಾರ ಕಳೆಯುವಷ್ಟರಲ್ಲಿ ಭೂಮಿಕಾ ನಾನಿದ್ದ ಕೋಣೆಗೇ ಬರದಾದಳು. ನನಗೆ ನಿಜವಾಗಿಯೂ ಸಂಕಟವಾಯಿತು.

ಮುಂದಿನ ಭೇಟಿಯಲ್ಲಿ ಇದೆಲ್ಲ ತಿಳಿದರೂ ಮೇಡಂ ಗುರವ್ವನನ್ನು ಬೈಯಲಿಲ್ಲ. "ಅಂಜಿಕಿ ಏರಿದ ಮ್ಯಾಲೆ ತಾನ ಇಳೀತೈತ್ರೀ. ಅದು ಇಳಿಯೂಕಿಂತ ಮುಂಚೇನ ನೀವು ನಾಯಿ ತಗದ್ರ, ನಾಯಿ ಹೋತು, ಅದಕ್ಕ ನಾ ಉಳದೆ ಅಂತ ಕೂಸು ತಿಳಕೋತೈತಿ" ಎಂದರು.

"ಹಂಗಾರ ಕೂಸು ಅಳಾಕತ್ರ ನಾ ಸುಮ್ನ ಕುಂಡ್ರಬೇಕೇನ್ರೀ?" ಎಂದಳು ಗುರವ್ವ.

ಪಕ್ಕದಲ್ಲೇ ಕೂರಿ, ಆಗಾಗ ಎಷ್ಟೈತಿ ಎಂದು ಮಾತ್ರ ಕೇಳಿ ಎಂದರು ಮೇಡಂ. ಅಂದು ಸಂಜೆ ಗುರವ್ವ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಳು. ಹುಡುಗಿ ಅತ್ತಳು, ಮುದುಕಿಯ ಕಣ್ಣಲ್ಲೂ ನೀರು, ಆದರೆ ಕೈ ಮುಂದೆ ಬರಲಿಲ್ಲ. ಹತ್ತು ಎಂಟಾಯಿತು. ಎಂಟರಲ್ಲೇ ಬಹಳ ಹೊತ್ತು ನಿಂತು, ಕೊನೆಗೆ ಐದಕ್ಕಿಳಿಯಿತು. ಮುಂದಿನ ಸಂಜೆಗಳಲ್ಲಿ ಹುಡುಗಿ ನನ್ನ ಮೂಗು ಮುಟ್ಟಿದಳು, ಹಲ್ಲಿನ ನಡುವೆ ಬೆರಳಿಟ್ಟಳು, ಆಮೇಲೆ ನನ್ನ ಮೇಲೆ ತಲೆಯಿಟ್ಟು ಟಿವಿ ನೋಡಿದಳು! ಹೆದರಿಸುವವನಿಗೆ ಇದಕ್ಕಿಂತ ಅವಮಾನ ಉಂಟೇ? ಆದರೂ ಅಂದು ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಮುಂದೆ ಮೇಡಂ ಅವಳಿಗೆ ಕಟ್ಟಿಹಾಕಿದ ನಿಜವಾದ ನಾಯಿ ತೋರಿಸಿದರು. ಅದೂ ದಾಟಿದ ಮೇಲೆ ಒಂದು ಬೆಳಿಗ್ಗೆ ಭೂಮಿಕಾ ಸಮವಸ್ತ್ರ ತೊಟ್ಟು ಓಣಿಗಿಳಿದಳು. ನಾನು ಗುರವ್ವನ ಕೈಚೀಲದಿಂದ ತಲೆ ಹೊರಗೆ ಹಾಕಿದ್ದೆ. ಹಿಟ್ಟಿನ ಗಿರಣಿಯ ಮುಂದೆ, ಹಿಂದೆ ಅಟ್ಟಿಸಿಕೊಂಡು ಬಂದಿದ್ದ ಅದೇ ನಾಯಿ ಮಲಗಿತ್ತು. ಇವರನ್ನು ಕಂಡು ಎದ್ದು ನಿಂತಿತು. ಗುರವ್ವ ರೂಢಿಯಂತೆ ಕಲ್ಲಿಗೆ ಬಗ್ಗಿದಳು.

"ಕಲ್ಲು ಬಿಡ ಆಯಿ," ಎಂದಳು ಭೂಮಿಕಾ. "ನನಗ ಎಂಟೈತಿ. ನಿಂತ್ರ ಇಳೀತೈತಿ."

ನಿಂತಳು. ನಾಯಿ ಗಾಳಿ ಮೂಸಿ ನೋಡಿ, ಮೈ ಕೊಡವಿ, ಗಿರಣಿಯ ಹಿಂದಕ್ಕೆ ಹೊರಟುಹೋಯಿತು. ಹುಡುಗಿ ಓಡದೆ ನಡೆದೇ ಶಾಲೆಯ ಗೇಟಿನೊಳಗೆ ಹೋದಳು. ಗುರವ್ವ ಗಿರಣಿಯ ಕಟ್ಟೆಯ ಮೇಲೆ ಕುಸಿದು ಕೂತು, ನನ್ನನ್ನು ಎದೆಗವಚಿಕೊಂಡು ಮನಸಾರೆ ಅತ್ತಳು.

ನಾನು ಮೇಡಂ ಕೋಣೆಗೆ ಮರಳಿದೆ, ಆಮೇಲೆ ಎಷ್ಟೋ ಮಕ್ಕಳು ಬಂದರು. ಮುಟ್ಟಿ ಮುಟ್ಟಿ ನನ್ನ ಮೂಗಿನ ಮಖಮಲ್ಲು ಸವೆದು, ಹಲ್ಲು ಉದುರಿ, ಈಗ ನನ್ನನ್ನು ಕಂಡರೆ ಯಾರಿಗೂ ಮೂರರ ಮೇಲೆ ಅಂಕ ಏರುವುದಿಲ್ಲ. ಮೇಡಂ ಸಾಬರಿಂದ ಹೊಸ ನಾಯಿ ಹೊಲಿಸಿದ್ದಾರೆ. ನನಗೆ ಹೊರಗಿನ ಬೆಂಚಿನ ಮೇಲೆ ಜಾಗ ಕೊಟ್ಟಿದ್ದಾರೆ, ಮಕ್ಕಳ ಮನೆಯ ಹಿರಿಯರು ಕಾಯುತ್ತಾ ಕೂರುವ ಬೆಂಚು. ಒಳಗೆ ಮಗು ಅತ್ತ ಕೂಡಲೇ ಅವರು ನನ್ನನ್ನು ತೊಡೆಗೆಳೆದುಕೊಂಡು ಕುತ್ತಿಗೆ ಹಿಂಡುತ್ತಾರೆ. ಹಿಂಡಲಿ. ಅಂಜಿಕೆ ಇಳಿಯುವವರೆಗೆ ಅವರನ್ನು ಬಾಗಿಲು ತೆರೆಯದಂತೆ ಕೂರಿಸಿಕೊಂಡಿರುವವನು ನಾನು.